ಪ್ಯಾರಿಸ್ಸಿಗೂ ಮೊದಲು ನರಗುಂದ

ವೇಳೆ ಸಿಗಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನರೇಗಲ್‌ನ ಮಾಮಾ ಹೇಳುತ್ತಾರೆ, ರೋಣದಲ್ಲಿರುವ ಅಬ್ಬಾನ ತಂಗಿ ಹೇಳುತ್ತಾಳೆ, ಈಗೀಗ ಅಮ್ಮಿಯೂ ಹೇಳುತ್ತಾಳೆ. ಯುರೋಪಿಗೆ ಹೊರಡುವ ಗಡಿಬಿಡಿ, ವೀಸಾ ಬಂದದ್ದೇ ತಡ, ಸೂಟ್‌ಕೇಸ್ ಕಟ್ಟುವುದೇ ಮುಗಿಯಲಿಲ್ಲ, ಅದರೊಳಗೆ ಅಮ್ಮಿ ನರಗುಂದಕ್ಕೆ ಹೋಗಿ ತನ್ನ ಅಕ್ಕನನ್ನು ಕಂಡು ಬರಲು ವೇಳೆ ಎಲ್ಲಿತ್ತು? ಇದರ ಬೆನ್ನಿಗೇ ಇನ್ನೊಂದು ಮಾತು ಸೇರಿಸುತ್ತಾರೆ: ಹೋಗಿದ್ದರೂ ಅಷ್ಟೇ, ಆಕೆ ಬಾಗಿಲು ತೆಗೆಯುತ್ತಿರಲಿಲ್ಲ, ಕಲ್ಲು ಮನಸ್ಸಿನವಳು.

ಎರಡನೆಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲನೆಯದು ಸುಳ್ಳು. ವೇಳೆ ಇತ್ತು. ವೀಸಾ ಕೈಗೆ ಬಂದ ಮೇಲೆ ಒಂಬತ್ತು ದಿನ ಇದ್ದವು. ಗಜೇಂದ್ರಗಡದಿಂದ ಮುಂಜಾನೆ ಹೊರಟರೆ, ರೋಣದಲ್ಲಿ ಬಸ್ ಬದಲಿಸಿದರೂ, ನರಗುಂದದಲ್ಲಿ ಚಹಾ ಕುಡಿದು ಸಂಜೆಯೊಳಗೆ ಆರಾಮಾಗಿ ತಿರುಗಿ ಬರಬಹುದು. ಅಷ್ಟೇ ಅಲ್ಲ, ಅಮ್ಮಿ ಹೊರಟು ನಿಂತಿದ್ದಳು. ಬುರ್ಖಾ ಹಾಕಿ, ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ ನಿಂತಿದ್ದಳು. ಆಕೆಯನ್ನು ತಡೆದದ್ದು ಗಡಿಬಿಡಿಯಲ್ಲ, ನಾನು. ಕೈ ಹಿಡಿದು ತಡೆಯಲಿಲ್ಲ. ವಾದ ಮಾಡಿ ತಡೆದೆ.

ಅಬ್ಬಾ ಗಜೇಂದ್ರಗಡದಲ್ಲಿ ಬಣ್ಣ, ಸಿಮೆಂಟು, ಮೊಳೆ ಮಾರುತ್ತಾರೆ. ಬಣ್ಣದ ಕಂಪನಿಯವರು ಚೆನ್ನಾಗಿ ಮಾರಿದ ಅಂಗಡಿಕಾರರನ್ನು ಪ್ರವಾಸಕ್ಕೆ ಕರೆದೊಯ್ಯುವುದುಂಟು. ಹಿಂದೆ ಎರಡು ಸಲ ಬ್ಯಾಂಕಾಕ್ ಎಂದಾಗ ಅಬ್ಬಾ "ನಮಗ್ಯಾಕ ಅದು" ಎಂದು ಬಿಟ್ಟುಕೊಟ್ಟಿದ್ದರು. ಈ ಸಲ ಪ್ಯಾರಿಸ್ ಮತ್ತು ಸ್ವಿಟ್ಜರ್ಲೆಂಡ್, ಹೆಂಡತಿಯನ್ನೂ ಕರೆತರಬಹುದು ಎಂದರು. ಅಮ್ಮಿ ಅಲ್ಲಿಯವರೆಗೆ ಕಂಡ ಅತಿ ದೂರದ ಊರು ಕಲಬುರಗಿ, ಅದೂ ದರ್ಗಾಕ್ಕೆ ಹೋದದ್ದು. ವೀಸಾಕ್ಕಾಗಿ ಬೆರಳು ಒತ್ತಲು ಬೆಂಗಳೂರಿಗೆ ಹೋಗಿ ಬಂದದ್ದೇ ಆಕೆಗೆ ಅರ್ಧ ಪರದೇಶವಾಗಿತ್ತು.

ಏನೇನು ತರಬೇಕು ಎಂದು ಕಂಪನಿಯವರು ಮೊಬೈಲಿಗೆ ಪಟ್ಟಿ ಕಳಿಸಿದ್ದರು. ನಾನು ಅದನ್ನು ಓದುವುದು, ಅಮ್ಮಿ ಅದರ ಮೇಲೆ ತೀರ್ಪು ಕೊಡುವುದು. ಒಳಗೆ ಹಾಕಿಕೊಳ್ಳುವ ಉಣ್ಣೆಯ ಬಟ್ಟೆ, ಕೈಗವಸು, ಪಾಸ್‌ಪೋರ್ಟಿನ ಎರಡು ಝೆರಾಕ್ಸು, ಗುಳಿಗೆ ನುಂಗುವವರಾದರೆ ಡಾಕ್ಟರ ಚೀಟಿ, ಅಲ್ಲಿಯ ಪ್ಲಗ್ಗಿಗೆ ಹೊಂದುವ ಅಡಾಪ್ಟರು, ನಡೆಯಲು ಶೂ, ಈಜುಡುಗೆ.

"ಈಜೂದು ಏನೈತಿ ಅಲ್ಲೆ?"

"ಹೋಟೆಲಿನ್ಯಾಗ ಕೊಳ ಇರತೈತಂತ."

"ನಿಮ್ಮ ಅಬ್ಬಾಗ ಹೇಳು, ಅವರು ಈಜ್ಲಿ. ಕಾಲವಿ ನೀರು ಕಂಡ್ರ ಅಂಜತಾರ."

ಅಂಗಡಿಯ ಲೆಕ್ಕದ ವಹಿಯಿಂದ ತಲೆ ಎತ್ತದೆ ಅಬ್ಬಾ ಅಂದರು: "ನಾ ಅಂಜಿದ್ದು ನೀರಿಗಲ್ಲ. ದಂಡಿಮ್ಯಾಲೆ ನಿಂತಾಕಿಗಿ."

ಅಮ್ಮಿಯದು ಬೇರೆಯೇ ಪಟ್ಟಿ. ಬಣ್ಣದ ಮಾದರಿಗಳಿದ್ದ ಒಂದು ಕಾರ್ಡಿನ ಹಿಂಬದಿಗೆ ಉರ್ದುವಿನಲ್ಲಿ ಬರೆದುಕೊಂಡಿದ್ದಳು. ಆಕೆ ಕಲಿತದ್ದು ಉರ್ದು ಶಾಲೆಯಲ್ಲಿ. ಕನ್ನಡದಲ್ಲಿ ಬಸ್ಸಿನ ಬೋರ್ಡು ಓದುತ್ತಾಳೆ, ಪುಟ ಓದುವುದಿಲ್ಲ. ನಮ್ಮ ಮನೆಯಲ್ಲಿ ಉರ್ದು, ಕನ್ನಡ ಎರಡೂ ಒಂದೇ ತಾಟಿನಲ್ಲಿ ಉಣ್ಣುತ್ತವೆ. ಜಗಳ ಮಾತ್ರ ಕನ್ನಡದಲ್ಲಿ. ನಮಾಜಿನ ಚಾಪೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಣಕಾಲಿಗೆ ಹಚ್ಚುವ ಎಣ್ಣೆ, ಒಂದು ಪ್ಲಾಸ್ಟಿಕ್ ತಂಬಿಗೆ.

"ತಂಬಿಗಿ ಯಾಕ? ಹೋಟೆಲಿನ್ಯಾಗ ಎಲ್ಲಾ ಇರತೈತಿ."

"ಕಾಗದ ಇರತೈತಿ ಅಂತ ನೀನ ಹೇಳಿದಿ. ಕಾಗದದಲೇ ತೊಳಕೋತಾರೇನು ಯಾರರ?"

ತಂಬಿಗೆಯೂ ಒಳಗೆ ಸೇರಿತು. ಸೂಟ್‌ಕೇಸನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ, ಮೊಳೆ ತೂಗುವ ಕಾಂಟಾದ ಮೇಲಿಟ್ಟು ತೂಗಿದೆವು. ಭಾರ ಹೆಚ್ಚಾಯಿತು. ಉಣ್ಣೆಯ ಬಟ್ಟೆ ತೆಗೆಯಿರಿ, ರೊಟ್ಟಿ ಮುಟ್ಟಬೇಡಿ ಎಂದಳು ಅಮ್ಮಿ.

ಆ ಪಟ್ಟಿಯ ಕೆಳಗೆ ಒಂದು ಗೆರೆ. ಗೆರೆಯ ಕೆಳಗಿದ್ದವು ಸಾಮಾನುಗಳಲ್ಲ, ಮನುಷ್ಯರು. ಹಜ್‌ಗೆ ಹೊರಡುವವರು ನಮ್ಮಲ್ಲಿ ಮೊದಲು ಮನೆ ಮನೆಗೆ ಹೋಗುತ್ತಾರೆ. ಸಂಬಂಧಿಕರು, ನೆರೆಯವರು, ಎಂದೋ ಮಾತಿಗೆ ಮಾತು ಬೆಳೆಸಿದವರು, ಎಲ್ಲರ ಹೊಸ್ತಿಲಲ್ಲಿ ನಿಂತು "ಅಂದದ್ದು ಆಡಿದ್ದು ಮಾಫ್ ಮಾಡ್ರಿ" ಎಂದು ಕೇಳಿಕೊಳ್ಳುತ್ತಾರೆ. ದೂರದ ಹಾದಿ, ಹೋದವರು ಬಾರದೆಯೂ ಇರಬಹುದು, ಯಾರ ಸಿಟ್ಟನ್ನೂ ಬೆನ್ನಿಗೆ ಕಟ್ಟಿಕೊಂಡು ಹೋಗಬಾರದು. ಹಜ್‌ಗೆ ಸರಿ. ಬಣ್ಣದ ಕಂಪನಿಯ ಪ್ರವಾಸಕ್ಕೆ? ಅಮ್ಮಿಯ ಲೆಕ್ಕದಲ್ಲಿ ಸಮುದ್ರ ದಾಟಿದರೆ ಮುಗಿಯಿತು, ಆಚೆ ದಂಡೆಯಲ್ಲಿ ಏನಿದೆ ಎಂಬುದು ಮುಖ್ಯವಲ್ಲ. ಹದಿನೇಳು ಮನೆಗಳನ್ನು ಬರೆದಿದ್ದಳು. ಕೊನೆಯಲ್ಲಿ ಮನೆಯವರ ಹೆಸರಿಲ್ಲ, ಬರೀ ಊರು: ನರಗುಂದ.

ನರಗುಂದ ಎಂದರೆ ಖಾಲಾ, ಅಮ್ಮಿಯ ಒಬ್ಬಳೇ ಅಕ್ಕ. ಮೂರು ವರ್ಷಗಳಿಂದ ಅಕ್ಕ ತಂಗಿಯರಿಗೆ ಮಾತಿರಲಿಲ್ಲ. ನರೇಗಲ್‌ನಲ್ಲಿ ಮಾಮಾನ ಮೊಮ್ಮಗನಿಗೆ ಹೆಸರಿಡುವ ದಿನ ಹೆಂಗಸರೆಲ್ಲ ಅಂಗಳದಲ್ಲಿ ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ನಾನು ಆಗಷ್ಟೇ ಕಾನೂನು ಮುಗಿಸಿ ರೋಣದ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿದ್ದೆ. ಖಾಲಾ ಅಂದಳು: "ಗಂಡಸರ ಜೋಡಿ ವಾದ ಮಾಡೋ ಹುಡುಗಿನ್ನ ಯಾರ ಮಾಡ್ಕೋತಾರವಾ?" ಅಮ್ಮಿ ಚಾಕು ಕೆಳಗಿಡದೆ ಹೇಳಿದಳು: "ನನ್ನ ಮಗಳು ವಾದ ಮಾಡತಾಳ. ನಿನ್ನ ಮಗಳ್ಹಂಗ ನಾಕು ತಿಂಗಳಿಗೆ ಗಂಟು ಕಟಗೊಂಡು ತಿರುಗಿ ಬರೂದಿಲ್ಲ."

ಖಾಲಾನ ಮಗಳು ಗಂಡನ ಮನೆ ಬಿಟ್ಟು ಬಂದು ಆಗ ಎರಡು ತಿಂಗಳಾಗಿತ್ತು. ನನಗಿಂತ ಒಂದೇ ವರ್ಷ ದೊಡ್ಡವಳು. ಅಮ್ಮಿ ಆ ಮಾತಾಡಿದಾಗ ಆಕೆ ಚಹಾದ ಕಪ್ಪುಗಳ ತಾಟು ಹಿಡಿದು ಅಮ್ಮಿಯ ಬೆನ್ನ ಹಿಂದೆಯೇ ನಿಂತಿದ್ದಳು. ತಾಟು ಬೀಳಲಿಲ್ಲ, ಒಂದು ಹನಿ ಚೆಲ್ಲಲಿಲ್ಲ. ಎಲ್ಲರಿಗೂ ಚಹಾ ಕೊಟ್ಟಳು, ಅಮ್ಮಿಗೂ ಕೊಟ್ಟಳು. ಆಮೇಲೆ ಖಾಲಾ ಎದ್ದು ಮಗಳ ಕೈ ಹಿಡಿದು, ಉಣ್ಣದೆ ಬಸ್‌ ಸ್ಟ್ಯಾಂಡಿಗೆ ನಡೆದಳು. ಅಮ್ಮಿ ನನ್ನನ್ನು ಕಾಯಲು ಹೋಗಿ ಹಾಗೆ ಅಂದಳು. ಆಗ ನನಗೆ ಒಳಗೊಳಗೆ ಹೆಮ್ಮೆಯಾಗಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಅಮ್ಮಿ ಉಳಿದ ಹದಿನಾರು ಮನೆಗಳನ್ನು ಐದು ದಿನದಲ್ಲಿ ಮುಗಿಸಿದಳು. ಪಕ್ಕದ ಮನೆಯ ಅಜ್ಜಿಯ ಮುಂದೆ ನಿಂತಾಗ ನಾನೂ ಇದ್ದೆ.

"ಏನ ತಪ್ಪು ಮಾಡಿದಿ ಅಂತ ಮಾಫ್ ಮಾಡ್ಲೆವಾ? ಒಮ್ಮಿ ನಮ್ಮ ಆಡಿಗಿ ಕಲ್ಲು ಒಗದಿದ್ದಿ, ಅದೇನು?"

"ಅದನ್ನೂ ಹಿಡೀರಿ ಅಜ್ಜಿ."

"ಆಡು ಸತ್ತು ಹತ್ತು ವರ್ಷಾತು. ಹೋಗು, ಆಡಿನ ಪರವಾಗಿನೂ ಮಾಫ್. ಎಲ್ಲಿಗಿ ಹೊಂಟಿ, ಹಜ್‌ಗೇನು?"

"ಅಲ್ರಿ. ಪ್ಯಾರಿಸ್‌ಗೆ."

"ಅಲ್ಲಿ ಯಾವ ದೇವರು ಅದಾನವಾ?"

ನರೇಗಲ್‌ನಲ್ಲಿ ಇನ್ನೂ ಫಜೀತಿ. ಮಾಫಿ ಕೇಳಲು ಬಂದಿದ್ದಾಳೆಂದರೆ ಹಜ್ ಅಲ್ಲದೆ ಮತ್ತೇನು? ಮಾಮಿ ಹೂವಿನ ಹಾರ ತರಿಸಿದಳು. ಮಾಮಿಯ ತಾಯಿ ಮೆಕ್ಕಾದ ಝಮ್‌ಝಮ್ ನೀರು ತರಲು ಖಾಲಿ ಬಾಟಲಿ ಕೊಟ್ಟಳು. ಅಮ್ಮಿ ಅದು ಅಲ್ಲಿ ಸಿಗುವುದಿಲ್ಲ ಎನ್ನಲಾಗದೆ ಬಾಟಲಿಯನ್ನೂ ಹಿಡಿದುಕೊಂಡು ಬಂದಳು. ಮರುದಿನ ಕೋರ್ಟಿನಲ್ಲಿ ಜೊತೆಯ ವಕೀಲನೊಬ್ಬ ಎಲ್ಲರೆದುರು ಕೇಳಿದ: "ಏನ್ರಿ ಮೇಡಂ, ನಿಮ್ಮವ್ವಾರು ಪ್ಯಾರಿಸ್‌ಗೆ ಹಜ್ ಹೊಂಟಾರಂತ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ಬಸ್ಸಿನ ದಾರಿಯುದ್ದಕ್ಕೂ ನನ್ನ ವಾದವನ್ನು ಕಟ್ಟಿಕೊಂಡು ಬಂದೆ.

ಆರನೆಯ ದಿನ ಮುಂಜಾನೆ ಅಮ್ಮಿ ಚೀಲ ಹೆಗಲಿಗೇರಿಸಿದಾಗ ನಾನು ಬಾಗಿಲಲ್ಲಿದ್ದೆ.

"ಎಲ್ಲಿಗಿ?"

"ನರಗುಂದಕ್ಕ."

"ಯಾಕ?"

"ಯಾಕ ಅಂತ ಗೊತ್ತಿದ್ದೂ ಕೇಳತಿ."

"ಗೊತ್ತಿಲ್ಲ. ಹೇಳು. ತಪ್ಪು ಮಾಡೀನಿ ಅಂತ ಹೊಂಟಿಯೋ, ವಿಮಾನ ಬಿದ್ರ ಹ್ಯಾಂಗ ಅಂತ ಹೊಂಟಿಯೋ?"

ಅಮ್ಮಿ ಹೆಗಲ ಚೀಲವನ್ನು ಸರಿಮಾಡಿಕೊಂಡಳು. ಎದುರಾಳಿ ಸುಮ್ಮನಾದರೆ ಬಿಡಬಾರದು ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೆ. ಬಿಡಲಿಲ್ಲ. "ಮೂರು ವರ್ಷ ನಿನಗ ನರಗುಂದದ ಹಾದಿ ನೆನಪಾಗ್ಲಿಲ್ಲ. ಈಗ ವಿಮಾನ ಹತ್ತಬೇಕು, ಜೀವಕ್ಕ ಅಂಜಿಕಿ ಆಗೇತಿ, ಅದಕ್ಕ ಹೊಂಟಿ. ಇದು ಮಾಫಿ ಅಲ್ಲ ಅಮ್ಮಿ, ಲಗೇಜ್ ಹಗುರ ಮಾಡ್ಕೊಳ್ಳೂದು. ಖಾಲಾ ಹುಚ್ಚಿ ಅಲ್ಲ, ಆಕಿಗಿ ತಿಳಿಯೂದಿಲ್ಲೇನು? ಊರೆಲ್ಲಾ ಅಡ್ಡಾಡಿ ಕಡೀಕ ಬಂದಾಳ ಅಂತಾಳ. ಹೋಗಿ ಬಾ. ಚಂದ ತಿರುಗಿ ಬಾ. ಬಂದ ಮ್ಯಾಲ, ಯಾವ ಅಂಜಿಕಿನೂ ಇಲ್ಲದಾಗ ಹೋಗಿ ಕೇಳು. ಅದು ಖರೇ ಮಾಫಿ."

"ಹಂಗಂದ್ರ ಈಗ ಹೋಗೂದು ತಪ್ಪೇನು?"

"ಹೋಗೂದು ತಪ್ಪಲ್ಲ. ಈಗ ಹೋಗೂದು ತಪ್ಪು."

ಆಕೆ ಬೀದಿಯ ಕಡೆ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟಳು. "ಆತು. ಬಂದ ಮ್ಯಾಲ ಹೋಗೂಣಂತ. ಚಾಕಲೇಟ್ ತೊಗೊಂಡು ಹೋಗೂಣಂತ." ಮುಖದಲ್ಲಿ ಒಂದು ನಿರಾಳ ಕಂಡಿತು. ಹದಿನಾರು ಮನೆಗಳು ಸುಲಭದವು, ಹದಿನೇಳನೆಯದನ್ನು ಆಕೆ ಮೊದಲೇ ಕೊನೆಗೆ ತಳ್ಳಿದ್ದಳು. ಹೋಗದಿರಲು ಆಕೆಗೆ ಒಂದು ಕಾರಣ ಬೇಕಾಗಿತ್ತು, ನಾನು ಗಟ್ಟಿಮುಟ್ಟಾದ ಕಾರಣ ಕೊಟ್ಟೆ. ಆ ನಿರಾಳವನ್ನು ನೋಡಿಯೂ ಅದನ್ನು ನನ್ನ ಗೆಲುವೆಂದೇ ತಿಳಿದೆ.

ಆ ವಾದವನ್ನು ಆಮೇಲೆ ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ. ಹೆದರಿಕೆಯಿಂದ ಕೇಳಿದ ಕ್ಷಮೆ ಕ್ಷಮೆಯಲ್ಲ ಎಂಬುದು ಇವತ್ತಿಗೂ ನನಗೆ ಸರಿಯೆನಿಸುತ್ತದೆ. ತಪ್ಪು ಅಲ್ಲಿರಲಿಲ್ಲ, ಅದಕ್ಕೂ ಮೊದಲೇ, ನಾವಿಬ್ಬರೂ ಕೇಳದೆ ಒಪ್ಪಿಕೊಂಡಿದ್ದ ಒಂದು ಮಾತಿನಲ್ಲಿತ್ತು. ಸಾಯುವುದಿದ್ದರೆ ಹೋಗುವವರು ಸಾಯುತ್ತಾರೆ, ಮನೆಯಲ್ಲಿದ್ದವರು ಇದ್ದೇ ಇರುತ್ತಾರೆ. ಹೊರಡುವ ಮೊದಲು ಮಾಫಿ ಕೇಳುವ ಪದ್ಧತಿಯೂ ಹಾಗೆಯೇ ಹೇಳುತ್ತದೆ. ಸಿಕ್ಕದ್ದಕ್ಕೆಲ್ಲ ಪ್ರಶ್ನೆ ಹಾಕುವ ನಾನು ಅದಕ್ಕೊಂದು ಪ್ರಶ್ನೆ ಹಾಕಲಿಲ್ಲ.

ಅವರು ಹೋದ ಐದನೆಯ ದಿನ ನಾನು ಕೋರ್ಟಿನ ಆವರಣದಲ್ಲಿ, ಬೇವಿನ ನೆರಳಲ್ಲಿ ನಿಂತು ಒಂದು ವಕಾಲತ್ತಿಗೆ ಕಕ್ಷಿದಾರನ ಹೆಬ್ಬೆಟ್ಟು ಒತ್ತಿಸುತ್ತಿದ್ದೆ. ಮಾಮಾ ಫೋನ್ ಮಾಡಿದರು. ಖಾಲಾ ಹೋದಳು. ಮುಂಜಾನೆ ಎದೆ ಹಿಡಿದುಕೊಂಡು ಕುಳಿತಳಂತೆ, ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತಂತೆ. ರೋಣದಿಂದಲೇ ನರಗುಂದದ ಬಸ್ ಹತ್ತಿದೆ. ಮೂರು ವರ್ಷಗಳ ಮೇಲೆ ನಾನು ಆ ಮನೆಗೆ ಕಾಲಿಟ್ಟದ್ದು ಹೀಗೆ. ಮುಖ ನೋಡಿದೆ. ಅಮ್ಮಿಯ ಮುಖವೇ, ಸ್ವಲ್ಪ ಅಗಲ ಅಷ್ಟೆ. ಖಾಲಾನ ಮಗಳು ತಲೆಯ ಬಳಿ ಕುಳಿತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತಾಗ ಸ್ವಲ್ಪ ಸರಿದು ಜಾಗ ಕೊಟ್ಟಳು. ಸಂಜೆಯ ನಮಾಜಿಗೆ ಮೊದಲೇ ಮಣ್ಣು ಮಾಡುವುದೆಂದು ಗಂಡಸರು ಹೇಳಿದರು.

ನಾನು ಹಿತ್ತಲಿಗೆ ಹೋಗಿ ಅಬ್ಬಾಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಮುಂಜಾನೆ. ಹಿಮದ ಗುಡ್ಡದ ಮೇಲಿದ್ದರು. ಸುದ್ದಿ ಹೇಳಿದೆ. ಅಬ್ಬಾ ದನಿ ತಗ್ಗಿಸಿ ಹೇಳಿದರು: "ಈಗ ನಿಮ್ಮಮ್ಮಿಗಿ ಹೇಳಬ್ಯಾಡ. ಬಂದ ಮ್ಯಾಲ ಹೇಳೂಣು."

ಬಂದ ಮೇಲೆ. ಆ ಎರಡು ಶಬ್ದ ಇನ್ನೊಮ್ಮೆ ಕೇಳಲು ನನ್ನಿಂದ ಆಗಲಿಲ್ಲ. "ಫೋನ್ ಆಕಿಗಿ ಕೊಡ್ರಿ" ಎಂದೆ.

ವಿಡಿಯೋದಲ್ಲಿ ಅಮ್ಮಿ ಬಂದಳು. ಬುರ್ಖಾದ ಮೇಲೆ ಅಬ್ಬಾನ ದಪ್ಪ ಜಾಕೀಟು, ತಲೆಗೆ ಕಿವಿ ಮುಚ್ಚುವ ಟೋಪಿ, ಮೂಗು ಕೆಂಪಾಗಿತ್ತು. ನಗುತ್ತಿದ್ದಳು. "ನೋಡು ಬೇಟಾ, ಹತ್ತಿ ಅರಳಿದ್ಹಂಗ ಐತಿ" ಎಂದು ಫೋನನ್ನು ಹಿಮದ ಕಡೆ ತಿರುಗಿಸಿದಳು. ಆ ಬಿಳುಪು ನೋಡುತ್ತಲೇ ನಾನು ಹೇಳಿಬಿಟ್ಟೆ. ಫೋನು ಮತ್ತೆ ಆಕೆಯ ಮುಖಕ್ಕೆ ತಿರುಗಲು ಬಹಳ ಹೊತ್ತು ಹಿಡಿಯಿತು. ಅಳುತ್ತಿರಲಿಲ್ಲ.

"ಹೋಗೂಮುಂದ ಏನರ ಅಂದ್ಲೇನು?"

"ನಾ ಇರಲಿಲ್ಲ ಅಮ್ಮಿ."

"ಕೇಳು. ಯಾರನ್ನರ ಕೇಳು."

ಅವರು ಬಂದಿಳಿದ ಮೇಲೆ ಗಜೇಂದ್ರಗಡಕ್ಕೆ ಬರಲಿಲ್ಲ, ನೇರ ನರಗುಂದಕ್ಕೆ ಹೋದರು; ನಾನು ರೋಣದಲ್ಲಿ ಅದೇ ಕಾರು ಹತ್ತಿದೆ. ಅಮ್ಮಿ ತನ್ನ ಅಕ್ಕನ ಮಂಚದ ಮೇಲೆ ಕೂರದೆ ಕೆಳಗೆ ಕುಳಿತಳು. ಖಾಲಾನ ಮಗಳು ನೀರು ತಂದಿಟ್ಟಳು. "ನಿಮ್ಮಮ್ಮ ನನ್ನ ಬಗ್ಗೆ ಏನರ ಅಂದಿದ್ಲೇನವಾ?" ಎಂದು ಅಮ್ಮಿ ಕೇಳಿದಳು.

"ಏನೂ ಅಂದಿಲ್ರಿ."

ಅಮ್ಮಿ ಅಂದು ಅತ್ತದ್ದನ್ನು ನಾನು ಬರೆಯಲಾರೆ. ಸುತ್ತ ಇದ್ದವರು ಸುಮ್ಮನಿರಲಾಗದೆ ಸಮಾಧಾನ ಶುರು ಮಾಡಿದರು. ವೇಳೆ ಎಲ್ಲಿತ್ತು ನಿಮಗ? ಹೋಗಿದ್ರೂ ಆಕಿ ಬಾಗಲಾ ತಗೀತಿದ್ದಿಲ್ಲ, ಅವಮಾನ ಆಗತಿತ್ತು, ಉಳಕೊಂಡಿ. ಎಲ್ಲ ಒಳ್ಳೆಯ ಮನಸ್ಸಿನ ಸುಳ್ಳುಗಳು. ಅಮ್ಮಿ ಅವನ್ನು ಗುಳಿಗೆ ನುಂಗಿದಂತೆ ನುಂಗಿದಳು. ಒಂದು ವಾರದ ಮೇಲೆ ತಾನೇ ಹೇಳತೊಡಗಿದಳು: "ಹೋಗಿದ್ರ ಅಕ್ಕ ಹೊರಗ ಹಾಕತಿದ್ಲು ನೋಡು. ಭಾಳ ಹಠ ಆಕಿದು." ಹಾಗೆ ಹೇಳತೊಡಗಿದ ಮೇಲೆಯೇ ನಾಲ್ಕು ತುತ್ತು ಉಂಡದ್ದು. ನನ್ನನ್ನು ಒಮ್ಮೆಯೂ ದೂರಲಿಲ್ಲ. ಬಾಗಿಲಲ್ಲಿ ನಾನು ಆಡಿದ ಮಾತುಗಳು ಆಕೆಗೆ ನೆನಪೇ ಇಲ್ಲವೋ, ನನ್ನನ್ನು ಉಳಿಸಲು ನೆನಪಿಲ್ಲದಂತೆ ಇದ್ದಾಳೋ ಗೊತ್ತಿಲ್ಲ. ಕೇಳುವ ಧೈರ್ಯವಿಲ್ಲ.

ನಲವತ್ತನೆಯ ದಿನದ ಊಟಕ್ಕೆ ಅಮ್ಮಿಗೆ ಜ್ವರ; ನಾನೊಬ್ಬಳೇ ನರಗುಂದಕ್ಕೆ ಹೋದೆ. ಊಟವಾಗಿ ಜನ ಚದುರಿದ ಮೇಲೆ ಖಾಲಾನ ಮಗಳು ಹಿತ್ತಲಲ್ಲಿ ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದಳು. ನಾನು ನೀರು ಹಾಕಿ ಗಲಬರಿಸಿ ಕೊಡುತ್ತಿದ್ದೆ. ಅದೂ ಇದೂ ಮಾತು. ಇದ್ದಕ್ಕಿದ್ದಂತೆ ಕೇಳಿದಳು:

"ಅಲ್ಲೆ ಖರೇನ ಅಷ್ಟು ಥಂಡಿ ಇತ್ತೇನು?"

"ಎಲ್ಲೆ?"

"ಪ್ಯಾರಿಸ್‌ನ್ಯಾಗ. ಅಮ್ಮ ದಿನಾ ಕೇಳತಿದ್ಲು. ಮುಂಜಾನೆ ಎದ್ದ ಕೂಡ್ಲೆ, 'ಮೊಬೈಲ್ ತಗಿ, ಇವತ್ತ ಅಲ್ಲೆ ಎಷ್ಟೈತಿ ನೋಡು' ಅಂತ. ಹನ್ನೊಂದು ಡಿಗ್ರಿ ಅಂದ್ರ, 'ಸ್ವೆಟರ್ ಇಟಗೊಂಡೈತೋ ಇಲ್ಲೋ, ಸಣ್ಣದಿದ್ದಾಗಿಂದ ಥಂಡಿ ತಡಿಯೂದಿಲ್ಲ ಅದಕ್ಕ' ಅಂತಿದ್ಲು."

ನೀರಿನ ಚೆರಿಗೆ ನನ್ನ ಕೈಯಲ್ಲೇ ಉಳಿಯಿತು. "ಯಾವಾಗಿಂದ?"

"ನಿಮ್ಮಮ್ಮಿ ನರೇಗಲ್‌ಗೆ ಮಾಫಿ ಕೇಳಾಕ ಹೋಗಿದ್ರಲ್ಲ, ಆ ಸುದ್ದಿ ಬಂದ ದಿನದಿಂದ."

"ಕಡೀಕ ಯಾವತ್ತ ಕೇಳಿದ್ಲು?"

"ಹೋದ ದಿನ ಮುಂಜಾನೆ. ಅವತ್ತ ಮಂಜಿನ ಊರಿಂದು ನೋಡಂದ್ಲು. ಎರಡು ಅಂತ ತೋರಿಸ್ತು. ನಾ ಸುಳ್ಳ ಹತ್ತು ಅಂದೆ."

"ಮತ್ತ ಅಮ್ಮಿ ಕೇಳಿದಾಗ ಏನೂ ಅಂದಿಲ್ಲ ಅಂದೆಲ್ಲ?"

"ಆಕಿ ಬಗ್ಗೆ ಏನಂದ್ಲು ಅಂತ ಕೇಳಿದ್ರು. ಏನೂ ಅಂದಿಲ್ಲ. ಥಂಡಿ ಎಷ್ಟೈತಿ ಅಂತ ಕೇಳಿದ್ಲು, ಅಷ್ಟ."

ಕೋರ್ಟಿನಲ್ಲಾದರೆ ಈ ಸಾಕ್ಷ್ಯವನ್ನು ಎರಡು ನಿಮಿಷದಲ್ಲಿ ಹರಿದುಹಾಕಬಹುದು. ಹವಾಮಾನ ವಿಚಾರಿಸಿದರೆ ಕ್ಷಮಿಸಿದಂತಾಯಿತೇ? ಸಿಟ್ಟು ಇದ್ದೂ ಚಿಂತೆ ಇರಬಾರದೇ? ಎಲ್ಲ ಪ್ರಶ್ನೆಗಳೂ ನಾಲಿಗೆಯ ತುದಿಗೆ ತಾವೇ ಬಂದು ನಿಂತವು. ಒಂದನ್ನೂ ಆಡಲಾಗಲಿಲ್ಲ. ಅಮ್ಮಿ ಹೋಗಿದ್ದರೆ ಆ ಬಾಗಿಲು ತೆರೆಯುತ್ತಿತ್ತು. ಅದಕ್ಕೆ ನನಗೆ ಪುರಾವೆ ಬೇಕಾಗಲಿಲ್ಲ.

ಈ ಮಾತು ಅಮ್ಮಿಗೆ ಸೇರಬೇಕಾದದ್ದು. ಅಕ್ಕ ತನ್ನನ್ನು "ಅದು" ಎಂದು ಕರೆದಳೆಂದು, ಸಣ್ಣ ಕೂಸಿನ ಬಗ್ಗೆ ಅನ್ನುವ ಹಾಗೆ ಅಂದಳೆಂದು ಆಕೆಗೆ ಗೊತ್ತಾಗಬೇಕು. ಆದರೆ ಅದು ಗೊತ್ತಾದ ಕ್ಷಣ ಬಾಗಿಲು ಮುಚ್ಚಿರುತ್ತಿತ್ತು ಎಂಬ ಸಮಾಧಾನ ಹೋಗುತ್ತದೆ. ಆ ದಿನ ಮುಂಜಾನೆ ಚಪ್ಪಲಿ ಬಿಟ್ಟದ್ದು ಮಾತ್ರ ಉಳಿಯುತ್ತದೆ. ಸತ್ಯವನ್ನು ಯಾರಿಂದಲೂ ಮುಚ್ಚಿಡಬಾರದು ಎಂಬ ವಿಷಯದ ಮೇಲೆ ನಾನು ಕಾಲೇಜಿನಲ್ಲಿ ಎರಡೂ ಕಡೆಯಿಂದ ಮಾತಾಡಿ ಗೆದ್ದಿದ್ದೇನೆ. ಹಿಮದ ಗುಡ್ಡದ ಮೇಲಿದ್ದವಳಿಗೆ ಸಾವಿನ ಸುದ್ದಿ ಹೇಳಲು ಒಂದು ಕ್ಷಣವೂ ಹಿಂದೆಮುಂದೆ ನೋಡಿರಲಿಲ್ಲ. ಈ ಸಲ ಯಾವ ಕಡೆ ನಿಲ್ಲಬೇಕೋ ತಿಳಿಯಲಿಲ್ಲ.

ನನ್ನೆದುರು ಕುಳಿತು ಪಾತ್ರೆ ತಿಕ್ಕುತ್ತಿದ್ದವಳನ್ನು ನೋಡಿದೆ. ಮೂರು ವರ್ಷದ ಹಿಂದೆ ಆ ಮಾತು ಬಿದ್ದದ್ದು ಈಕೆಯ ಮೇಲೆ. ಅಮ್ಮಿಯ ಪಟ್ಟಿಯಲ್ಲಿ ಈಕೆ ಇರಲೇ ಇಲ್ಲ. ಇವತ್ತಿನವರೆಗೆ ನಮ್ಮ ಮನೆಯವರು ಯಾರೂ ಈಕೆಯ ಮುಂದೆ ನಿಂತು ಮಾಫ್ ಮಾಡು ಎಂದಿಲ್ಲ, ನಾನೂ ಅಂದಿಲ್ಲ. ತೀರ್ಪು ಕೊಡುವ ಹಕ್ಕು ಯಾರಿಗಾದರೂ ಇದ್ದರೆ ಈಕೆಗೆ. ಪಾತ್ರೆಯನ್ನು ಕೆಳಗಿಟ್ಟು ಕೇಳಿದೆ.

"ನೀನ ಹೇಳು. ಇದನ್ನ ಅಮ್ಮಿಗಿ ಹೇಳ್ಲೋ, ಬ್ಯಾಡೋ?"